ಕೊನೆಯ ಎರಡಕ್ಷರದಲ್ಲಿ ಕೂತಿರುವುದು ಯಾರು?

ಒಂದು ಇಂಗ್ಲಿಷ್ ಪದ. ಆರೇ ಆರು ಅಕ್ಷರ. ಬಿಸ್ಕತ್ತಿನ ಪೊಟ್ಟಣದ ಮೇಲೆ ಓದಿದ್ದೀರಿ, ಚಹಾದಂಗಡಿಯ ಬೋರ್ಡಿನ ಮೇಲೂ ಓದಿದ್ದೀರಿ. ಇಂಗ್ಲೆಂಡಿನಲ್ಲಿ ಕೆಂಗೂದಲಿನವರನ್ನು ಇದೇ ಪದದಿಂದ ಕರೆಯುತ್ತಾರೆ. ಕೆಂಚು ಬಣ್ಣದ ಬೆಕ್ಕಿಗೂ ಅಲ್ಲಿ ಇದೇ ಹೆಸರು.

ಈ ಪದದ ಕಟ್ಟಕಡೆಯ ಎರಡು ಅಕ್ಷರಗಳಿವೆಯಲ್ಲ, ಅವುಗಳೊಳಗೆ ನಮ್ಮದೇ ಮನೆಯ ಪದವೊಂದು ಅಡಗಿ ಕೂತಿದೆ! ಅಚ್ಚಗನ್ನಡದಲ್ಲಿ ಇವತ್ತಿಗೂ ಬದುಕಿರುವ ಪದ. ಎರಡನೇ ತರಗತಿಯ ಮಗುವಿಗೂ ಗೊತ್ತಿರುವ ಪದ!

ಯಾವ ಇಂಗ್ಲಿಷ್ ಪದ? ಊಹಿಸಿ. ಯಾವ ಕನ್ನಡ ಪದ? ಅದನ್ನೂ ಊಹಿಸಿ. ಮೊದಲನೆಯದನ್ನು ಈಗಲೇ ಹೇಳಿಬಿಡುತ್ತೇನೆ. ಎರಡನೆಯದಕ್ಕೆ ಸ್ವಲ್ಪ ತಾಳಿ. ಅದನ್ನು ನೀವೇ ಕಂಡುಹಿಡಿಯುತ್ತೀರಿ, ನೋಡುತ್ತಿರಿ.

ಮೊದಲನೆಯದು ಜಿಂಜರ್!

ಹೌದು, ನಮ್ಮ ಶುಂಠಿ. ಆದರೆ ‘ಶುಂಠಿ’ ಎಂಬ ಹೆಸರಿಗೂ ಜಿಂಜರಿಗೂ ನಂಟಿಲ್ಲ. ಅದು ಸಂಸ್ಕೃತದ ‘ಶುಂಠೀ’ಯಿಂದ ಬಂದದ್ದು. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಕೇಳುವ ‘ಅಲ್ಲ’ ತೆಲುಗಿನ ‘ಅಲ್ಲಂ’ ಜೊತೆಗಾರ. ಹಿಂದಿಯ ‘ಅದ್ರಕ್’ ಹುಟ್ಟಿದ್ದು ಹಸಿ ಎಂಬ ಅರ್ಥದ ‘ಆರ್ದ್ರ’ದಿಂದ. ಇವೆಲ್ಲ ಬೇರೆ ಬೇರೆ ದಾರಿ ಹಿಡಿದ ಹೆಸರುಗಳು. ಜಿಂಜರ್ ಹಿಡಿದ ದಾರಿಯೇ ಬೇರೆ. ಎಂಥ ದಾರಿ ಅಂತೀರಿ!

ಆಲನ್ ರಾಸ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ ಈ ಪದದ ಬೆನ್ನುಹತ್ತಿ ಹೊರಟರು. 1952ರಲ್ಲಿ ಅವರ ಪುಸ್ತಕ ಬಂತು. ವಿಷಯ? ಜಿಂಜರ್! ಗಿಡವಲ್ಲ, ಬೆಳೆಯಲ್ಲ, ಔಷಧಿಯಲ್ಲ. ಆ ಪದ! ಒಂದೇ ಒಂದು ಪದಕ್ಕೆ ಇಡೀ ಒಂದು ಪುಸ್ತಕ!

ಬನ್ನಿ, ನಾವೂ ಬೆನ್ನು ಹತ್ತೋಣ. ಹಿಂದು ಹಿಂದಕ್ಕೆ ನಡೆಯೋಣ.

ಸುಮಾರು ಸಾವಿರ ವರ್ಷ ಹಿಂದಿನ ಇಂಗ್ಲೆಂಡ್. ಆಗಿನ ಇಂಗ್ಲಿಷಿನಲ್ಲಿ ಜಿಂಜರ್ ಇಲ್ಲವೇ ಇಲ್ಲ. ಇರುವುದು ‘ಗಿಂಗಿಫರ್’! ಕಣ್ಣಿಗೆ ‘ಫ’ ಕಾಣುತ್ತದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಎರಡು ಸ್ವರಗಳ ನಡುವೆ ‘ಫ’ ಬಂದರೆ ಅದನ್ನು ಆಡುತ್ತಿದ್ದುದು ‘ವ’ ಎಂದು. ಅಂದರೆ ಬಾಯಲ್ಲಿ ಕೇಳುತ್ತಿದ್ದುದು ‘...ವೆರ್’!

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಜೊತೆ ಫ್ರೆಂಚ್ ಬಂತು. ಫ್ರೆಂಚಿನ ಶುಂಠಿಯೂ ಬಂತು. ಎರಡೂ ಬೆರೆತು ಇಂಗ್ಲಿಷಿನಲ್ಲಿ ‘ಜಿಂಜಿವೆರೆ’ ಆಯಿತು. ಎಷ್ಟು ಉದ್ದ ನೋಡಿ! ಜಿಂ-ಜಿ-ವೆ-ರೆ. ಇಂಗ್ಲಿಷರ ನಾಲಿಗೆ ಸುಮ್ಮನಿರುತ್ತದೆಯೇ? ಕೊನೆಯ ‘ಎ’ಕಾರ ಉದುರಿತು. ನಡುವಿನ ‘ವ’ ಕರಗಿತು. ಉಳಿದದ್ದು ಜಿಂಜರ್.

ಆ ಕರಗಿಹೋದ ‘ವ’ವನ್ನು ನೆನಪಿಡಿ. ದಯವಿಟ್ಟು ನೆನಪಿಡಿ! ಇಡೀ ಗುಟ್ಟು ಇರುವುದು ಅಲ್ಲೇ.

ಮುಂದಕ್ಕೆ ಹೋಗುವ ಮುನ್ನ ಒಂದು ಚಿಕ್ಕ ಬೆರಗು. ಜಿಂಜರ್‌ಬ್ರೆಡ್ ಕೇಳಿದ್ದೀರಲ್ಲ? ಕ್ರಿಸ್‌ಮಸ್‌ಗೆ ಮಾಡುವ ಆ ಶುಂಠಿ ತಿನಿಸು. ಅದರ ಹೆಸರಲ್ಲಿ ಮೊದಲು ಬ್ರೆಡ್ ಇರಲೇ ಇಲ್ಲ! ಹಳೆಯ ಫ್ರೆಂಚಿನ ‘ಜಿಂಜೆಂಬ್ರಾಸ್’ ಎಂದರೆ ಕೆಡದಂತೆ ಪಾಕಮಾಡಿ ಇಟ್ಟ ಶುಂಠಿ, ಅಷ್ಟೇ. ಬಾಲದ ‘ಬ್ರಾಸ್’ ಇಂಗ್ಲಿಷ್ ಕಿವಿಗೆ ‘ಬ್ರೆಡ್’ ಎಂದು ಕೇಳಿಸಿತು. ಹೆಸರಲ್ಲಿ ಬ್ರೆಡ್ ಬಂದ ಮೇಲೆ ತಿನಿಸೂ ಬದಲಾಯಿತು! ಇನ್ನು ‘ಜಿಂಜರ್ಲಿ’, ಅಂದರೆ ಮೆಲ್ಲಗೆ, ಎಚ್ಚರದಿಂದ ಎಂಬ ಪದ. ಅದು ನೂರಕ್ಕೆ ನೂರು ಶುಂಠಿಯ ಮಗಳ ಹಾಗೆ ಕಾಣುತ್ತದೆ. ಆದರೆ ಅಲ್ಲ! ‘ನಾಜೂಕು’ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದಿರಬೇಕು ಅದು. ಮೋಸ ಹೋಗಬೇಡಿ.

ಈಗ ದೊಡ್ಡ ಜಿಗಿತ. ಇನ್ನೂ ಸಾವಿರ ವರ್ಷ ಹಿಂದಕ್ಕೆ. ರೋಮ್!

ಪ್ಲಿನಿ ಎಂಬ ಮಹಾ ಕುತೂಹಲಿ ಅಲ್ಲಿದ್ದ. ಜಗತ್ತಿನಲ್ಲಿರುವ ಎಲ್ಲವನ್ನೂ ಬರೆದಿಡಬೇಕೆಂದು ಹೊರಟವನು. ಅವನ ‘ನ್ಯಾಚುರಲ್ ಹಿಸ್ಟರಿ’ 37 ಸಂಪುಟಗಳ ಗ್ರಂಥ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪ್ರಾಣ ಬಿಟ್ಟವನೂ ಅವನೇ. ಅದೇ ಗ್ರಂಥದ 12ನೇ ಸಂಪುಟದಲ್ಲಿ ನಮ್ಮ ಪದ ಇದೆ. ಲ್ಯಾಟಿನ್ನಿನಲ್ಲಿ ಅದು ‘ಜಿಂಗಿಬೆರಿ’!

ಗಮನಿಸಿದಿರಾ? ‘ವ’ ಇದ್ದ ಜಾಗದಲ್ಲಿ ‘ಬ’ ಬಂತು! ಜಿಂಗಿ-ಬೆರಿ. ಗಂಟಲಲ್ಲಿ ಏನೋ ಪರಿಚಿತವಾದದ್ದು ತಟ್ಟಿತೇ? ಇನ್ನೂ ಹೇಳುವುದಿಲ್ಲ!

ಪ್ಲಿನಿಯ ಕಾಲದಲ್ಲಿ ಕೆಲವರು ಶುಂಠಿಯನ್ನು ಮೆಣಸಿನ ಬಳ್ಳಿಯ ಬೇರು ಎಂದು ನಂಬಿದ್ದರು. ಎರಡೂ ಖಾರ ತಾನೆ! ಅಲ್ಲ, ಅಲ್ಲ ಎಂದು ಪ್ಲಿನಿ ತಿದ್ದುತ್ತಾನೆ. ಬೆಲೆಯನ್ನೂ ಬರೆಯುತ್ತಾನೆ. ರೋಮನ್ ಪೌಂಡು ಎಂದರೆ ನಮ್ಮ 327 ಗ್ರಾಂ ಆಸುಪಾಸು. ಅಷ್ಟು ಕರಿಮೆಣಸಿಗೆ 4 ದಿನಾರಿಯಸ್. ಹಾಗಾದರೆ ಶುಂಠಿಗೆ ಎಷ್ಟು? ಊಹಿಸಿ. ಒಂದು? ಎರಡು?

6!

‘ಕಪ್ಪು ಚಿನ್ನ’ ಎಂದು ಜಗತ್ತು ಹಾಡಿಹೊಗಳುವ ಕರಿಮೆಣಸಿಗಿಂತ ಒಂದೂವರೆ ಪಟ್ಟು ದುಬಾರಿ, ಈ ಗಂಟುಗಂಟಾದ ಶುಂಠಿ!

ಅದೇ ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್. ಅವನು ಬರೆದದ್ದು ‘ಜಿಂಗಿಬೆರಿಸ್’ ಎಂದು. ಅವನು ಹೇಳುವ ಒಂದು ಸಂಗತಿ ನನಗೆ ಬಹಳ ಇಷ್ಟ. ಶುಂಠಿ ಬೇಗ ಕೆಡುತ್ತದೆಯಲ್ಲ, ಅದಕ್ಕೇ ಉಪ್ಪಿನಕಾಯಿಯಂತೆ ನೆನೆಹಾಕಿ, ಮಣ್ಣಿನ ಜಾಡಿಗಳಲ್ಲಿ ತುಂಬಿ ಇಟಲಿಗೆ ಸಾಗಿಸುತ್ತಿದ್ದರಂತೆ! ಎರಡು ಸಾವಿರ ವರ್ಷದ ಹಿಂದೆ! ಜಾಡಿಯೊಳಗಿನ ರಸವನ್ನೂ ಚೆಲ್ಲದೆ ಊಟಕ್ಕೆ ಬಳಸುತ್ತಿದ್ದರಂತೆ!

ಆದರೆ ಇಬ್ಬರೂ ಒಂದು ವಿಷಯದಲ್ಲಿ ಎಡವಿದರು. ಶುಂಠಿ ಬೆಳೆಯುವುದು ಎಲ್ಲಿ? ಇಬ್ಬರ ಉತ್ತರವೂ ಒಂದೇ. ಅರೇಬಿಯಾದ ಕಡೆ!

ಕೆಂಪು ಸಮುದ್ರದ ಬಂದರುಗಳಲ್ಲಿ ಇಳಿದ ಸರಕನ್ನು ಕಂಡವರು ಅದು ಅಲ್ಲೇ ಬೆಳೆದದ್ದು ಎಂದುಕೊಂಡರು. ಅದರಾಚೆಗೆ ಮಾನ್ಸೂನ್ ಗಾಳಿಯ ಬೆನ್ನೇರಿ ಬಂದ ಹಡಗುಗಳಿದ್ದವು. ಗಾಳಿ ಸರಿಯಾಗಿದ್ದರೆ ಅರೇಬಿಯಾದ ತುದಿಯಿಂದ ಕೇರಳ ಕರಾವಳಿಯ ಮುಚಿರಿಗೆ 40 ದಿನ ಎಂದು ಪ್ಲಿನಿಯೇ ಬರೆದಿದ್ದಾನೆ. ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆ ಎಂದು ಸಂಕಟಪಟ್ಟವನೂ ಅವನೇ. ಆದರೂ ಶುಂಠಿಯ ಊರು ಅವನಿಗೆ ತಿಳಿಯಲಿಲ್ಲ!

ಊರು ಮರೆಯಾಗಿತ್ತು. ಹೆಸರು ಮರೆಯಾಗಿರಲಿಲ್ಲ. ತಾನು ಎಲ್ಲಿಂದ ಬಂದೆ ಎಂದು ಆ ಹೆಸರೇ ಕೂಗಿ ಹೇಳುತ್ತಿತ್ತು. ಕೇಳಿಸಿಕೊಳ್ಳುವ ಕಿವಿ ಬೇಕಿತ್ತು, ಅಷ್ಟೇ.

ಹಡಗು ಹತ್ತೋಣ. ಭಾರತಕ್ಕೆ!

ಪಾಳಿಯ ವಿನಯಪಿಟಕ. ಬೌದ್ಧ ಭಿಕ್ಷುಗಳ ನಡೆನುಡಿಯ ನಿಯಮಗಳು. ಕಾಯಿಲೆ ಬಿದ್ದ ಭಿಕ್ಷು ಯಾವ ಯಾವ ಔಷಧಿ ಇಟ್ಟುಕೊಳ್ಳಬಹುದು? ಅಲ್ಲೊಂದು ಪಟ್ಟಿ ಇದೆ. ಅರಿಶಿನ ಇದೆ. ನಮ್ಮ ಮನೆಗಳಲ್ಲಿ ಮಗುವಿಗೆ ತೇಯ್ದು ನೆಕ್ಕಿಸುವ ಬಜೆ ಇದೆ. ಲಾವಂಚ ಇದೆ. ಅರಿಶಿನದ ಪಕ್ಕದಲ್ಲೇ ಕೂತಿರುವ ಹೆಸರು ‘ಸಿಂಗಿವೇರ’!

ಸಿಂಗಿವೇರ. ಜಿಂಗಿಬೆರಿ. ಜಿಂಜಿವೆರೆ. ಒಂದಾದ ಮೇಲೊಂದು ಜೋರಾಗಿ ಹೇಳಿ ನೋಡಿ! ಸಾವಿರಾರು ಮೈಲಿ, ಸಾವಿರಾರು ವರ್ಷ. ಆದರೂ ಮೂಗು, ಕಣ್ಣು, ಮುಖ ಎಲ್ಲ ಒಂದೇ!

ಆ ಪಟ್ಟಿಗೆ ಇರುವ ತಲೆಬರಹ ಏನು ಗೊತ್ತೇ? ‘ಮೂಲಭೇಷಜ’. ಮೂಲ ಎಂದರೇನು ಎಂದು ಯೋಚಿಸುತ್ತಿರಿ. ನಿಮಗೆ ಒಂದು ಸುಳಿವು ಕೊಟ್ಟುಬಿಟ್ಟಿದ್ದೇನೆ!

ಸಂಸ್ಕೃತದಲ್ಲಿ ಇದೇ ಪದ ‘ಶೃಂಗವೇರ’. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಕೇಳಿದ್ದೀರಿ! ವನವಾಸಕ್ಕೆ ಹೊರಟ ರಾಮ ಗಂಗೆಯ ದಂಡೆಯಲ್ಲಿ ಗುಹನನ್ನು ಕಂಡ ಊರು ಶೃಂಗವೇರಪುರ. ಆ ಊರಿನ ಹೆಸರಲ್ಲಿ ಕೂತಿರುವುದೂ ಇದೇ ಪದ!

ಶೃಂಗ ಎಂದರೆ ಕೊಂಬು. ವೇರ ಎಂದರೆ ಮೈ. ಕೊಂಬಿನಂಥ ಮೈಯುಳ್ಳದ್ದು ಶುಂಠಿ! ಹೀಗೆಂದು ಬಹುಕಾಲ ವಿವರಿಸಿದರು. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಒಂದು ಶುಂಠಿಯ ತುಂಡನ್ನು ಕೈಗೆತ್ತಿಕೊಳ್ಳಿ. ಕವಲೊಡೆದ ಜಿಂಕೆಯ ಕೊಂಬೇ ಅದು! ಇಲ್ಲಿಗೇ ಕತೆ ಮುಗಿಯಬಹುದಿತ್ತು.

ಮುಗಿಯಲಿಲ್ಲ! ನಿಜವಾದ ಕತೆ ಶುರುವಾಗುವುದೇ ಇಲ್ಲಿ.

ದ್ರಾವಿಡ ಭಾಷೆಗಳನ್ನು ಬಲ್ಲ ವಿದ್ವಾಂಸರು ಈ ಪದವನ್ನು ದಿಟ್ಟಿಸಿ ನೋಡಿದರು. ಈ ಕೊಂಬು ಆಮೇಲೆ ಅಂಟಿಸಿದ್ದು ಎಂದರು! ದಕ್ಷಿಣದಿಂದ ಹೋದ ಪದವೊಂದು ಉತ್ತರದವರ ಕಿವಿಗೆ ಹೊಸದಾಗಿತ್ತು. ಅದನ್ನು ತಮಗೆ ಅರ್ಥವಾಗುವ ‘ಶೃಂಗ’ಕ್ಕೆ ಹೊಂದಿಸಿಕೊಂಡರು. ಹಾಗಾದರೆ ದಕ್ಷಿಣದ ಆ ಮೂಲಪದ ಯಾವುದು?

ತಮಿಳಿನಲ್ಲಿ ಶುಂಠಿಗೆ ಏನೆನ್ನುತ್ತಾರೆ? ಇಂಜಿ. ಮಲಯಾಳದಲ್ಲಿ? ಅಲ್ಲೂ ಇಂಜಿ. ಸಿಂಗಿವೇರದ ಮೊದಲ ಅರ್ಧ ಸಿಕ್ಕಿತು! ಉಳಿದದ್ದು ‘ವೇರ’. ತಮಿಳಿನ ‘ವೇರ್’.

ಈಗ ನಿಮ್ಮ ಸರದಿ. ಒಂದು ಆಟ ಆಡೋಣ. ನಾನು ತಮಿಳು ಪದ ಹೇಳುತ್ತೇನೆ, ನೀವು ಕನ್ನಡ ಹೇಳಿ. ತಮಿಳಿನ ವಿಲ್, ಕನ್ನಡದ ಬಿಲ್ಲು. ವಾಯ್, ಬಾಯಿ. ವಿರಲ್, ಬೆರಳು. ವೆಯಿಲ್, ಬಿಸಿಲು. ವೆಣ್ಣೆಯ್, ಬೆಣ್ಣೆ. ವೆಳ್ಳಿ, ಬೆಳ್ಳಿ. ವಾಳೈ, ಬಾಳೆ. ಸೂತ್ರ ಸಿಕ್ಕಿತಲ್ಲ? ಅಲ್ಲಿ ‘ವ’ ಇದ್ದರೆ ಇಲ್ಲಿ ‘ಬ’!

ಹೇಳಿ ಈಗ. ವೇರ್?

ಬೇರು!

ಬೇರು! ಇಂಜಿ ವೇರ್ ಎಂದರೆ ಶುಂಠಿಯ ಬೇರು! ಪಾಳಿಯ ಪಟ್ಟಿಯ ‘ಮೂಲ’ವೂ ಬೇರೇ! ಲಂಡನ್ನಿನ ಅಂಗಡಿಯಲ್ಲಿ ಒಬ್ಬಾಕೆ ಜಿಂಜರ್ ಎಂದು ಕೇಳುವಾಗಲೆಲ್ಲ, ಆ ಕೊನೆಯ ‘ಅರ್’ ಇದೆಯಲ್ಲ, ಅದು ತುದಿ ಮುರಿದ ಬೇರು! ನಡುವೆ ಕರಗಿಹೋಯಿತು ಎಂದೆನಲ್ಲ, ಆ ‘ವ’ವೇ ನಮ್ಮ ‘ಬ’! ಇದನ್ನು ಮೊದಲ ಸಲ ಅರಿತಾಗ ನನಗೆ ಮೈ ಜುಮ್ಮೆಂದಿತ್ತು.

ಒಂದು ಮಾತು ಸ್ಪಷ್ಟವಾಗಿರಲಿ. ಪದ ಹೊರಟದ್ದು ಕನ್ನಡದಿಂದಲ್ಲ. ಕನ್ನಡಕ್ಕೂ ತಮಿಳಿಗೂ ತಾಯಿಯಾದ ಹಳೆಯ ನುಡಿಯ ಕುಟುಂಬದಿಂದ. ‘ವೇರ್’ ಮತ್ತು ‘ಬೇರು’ ಒಡಹುಟ್ಟಿದವು. ಒಬ್ಬರು ಊರಲ್ಲೇ ಉಳಿದರು, ಒಬ್ಬರು ಹಡಗು ಹತ್ತಿದರು. ಹಳಗನ್ನಡದಲ್ಲಿ ಬೇರಿಗೆ ಏನೆನ್ನುತ್ತಿದ್ದರು? ‘ಬೇರ್’! ರೋಮಿನವರ ಜಿಂಗಿ‘ಬೆರಿ’ಯ ಪಕ್ಕದಲ್ಲಿ ಇಟ್ಟು ನೋಡಿ. ಗ್ರೀಕರು ತಮ್ಮ ದಾರಿಯಲ್ಲಿ ‘ಬ’ಕಾರಕ್ಕೆ ಬಂದರು, ಕನ್ನಡ ತನ್ನ ದಾರಿಯಲ್ಲಿ ಬಂತು. ಇಬ್ಬರೂ ಬಂದು ನಿಂತದ್ದು ಒಂದೇ ಕಟ್ಟೆಯ ಮೇಲೆ!

ಇಂಗ್ಲಿಷರು ‘ಬ’ವನ್ನೂ ‘ವ’ವನ್ನೂ ನುಂಗಿದರು ಸರಿ. ಯುರೋಪಿನ ಉಳಿದವರು? ಇಲ್ಲಿ ಬೆರಗು ಇನ್ನೂ ಹೆಚ್ಚುತ್ತದೆ! ರಷ್ಯನ್ನರು ಶುಂಠಿಗೆ ‘ಇಂಬೀರ್’ ಎನ್ನುತ್ತಾರೆ. ಫಿನ್ಲೆಂಡಿನವರು ‘ಇಂಕಿವ್ಯಾರಿ’ ಎನ್ನುತ್ತಾರೆ. ಜರ್ಮನ್ನರು? ‘ಇಂಗ್‌ವರ್’! ತಮಿಳಿನ ‘ಇಂಜಿ ವೇರ್’ ಪಕ್ಕಕ್ಕೆ ಅದನ್ನು ತನ್ನಿ. ಇಂಜಿ ವೇರ್, ಇಂಗ್‌ವರ್! ನೇರವಾಗಿ ಚೆನ್ನೈಯಿಂದ ಬರ್ಲಿನ್‌ಗೆ ಹೋದಂತಿದೆ. ಹೋಗಿಲ್ಲ! ಜರ್ಮನ್ನರಿಗೂ ಅದು ಲ್ಯಾಟಿನ್, ಫ್ರೆಂಚ್ ದಾರಿಯಿಂದಲೇ ಬಂದದ್ದು. ದಾರಿಯಲ್ಲಿ ತಲೆಯ ವ್ಯಂಜನ ತಾನಾಗಿ ಕಳಚಿಬಿತ್ತು. ಅತ್ತ ತಮಿಳಿನಲ್ಲೂ ತಲೆಯ ವ್ಯಂಜನ ಕಳಚಿತ್ತು. ಒಂದನ್ನೊಂದು ಕಾಣದ ಎರಡು ಭಾಷೆಗಳು, ಒಂದೇ ರೂಪ!

ಎಲ್ಲಕ್ಕಿಂತ ಮೇಲೆ ಹಂಗೇರಿ. ಬುಡಾಪೆಸ್ಟಿನ ತರಕಾರಿ ಅಂಗಡಿಯಲ್ಲಿ ಶುಂಠಿಗೆ ಇರುವ ಹೆಸರು ‘ಜ್ಯೋಂಬೇರ್’! ದೀರ್ಘವಾದ, ತುಂಬಿದ, ಸ್ಪಷ್ಟವಾದ ‘ಬೇರ್’! ಹಳಗನ್ನಡದ ಕವಿಯೊಬ್ಬ ಎದ್ದು ಬಂದರೆ ಆ ಪದದ ಅರ್ಧವನ್ನು ಥಟ್ಟನೆ ಗುರುತಿಸಿಯಾನು!

ಪಶ್ಚಿಮಕ್ಕೆ ಹೋದ ಇನ್ನೊಂದು ಕವಲೂ ಇದೆ. ಪರ್ಷಿಯಾದ ದಾರಿಯಲ್ಲಿ ನಡೆದು ಅರಬ್ಬಿಯಲ್ಲಿ ಅದು ‘ಜಂಜಬೀಲ್’ ಆಯಿತು. ಕೊನೆಯ ‘ರ’ ಜಾರಿ ‘ಲ’ ಆಗಿದೆ. ಕುರಾನಿನ 76ನೇ ಅಧ್ಯಾಯದ 17ನೇ ವಚನದಲ್ಲಿ ಸ್ವರ್ಗದ ಪಾನೀಯವೊಂದರ ಮಾತು ಬರುತ್ತದೆ. ಅದರಲ್ಲಿ ಬೆರೆತಿರುವುದು ಏನು? ಜಂಜಬೀಲ್!

ತಮಿಳಿನ ತಲೆಯ ವ್ಯಂಜನ ಕಳಚಿತ್ತು ಎಂದೆ. ನೀವು ಚುರುಕಿನವರಾದರೆ ಅಲ್ಲೇ ತಡೆದು ಕೇಳಿರುತ್ತೀರಿ. ಪಾಳಿಯಲ್ಲಿ ‘ಸಿಂಗಿ’, ತಮಿಳಿನಲ್ಲಿ ‘ಇಂಜಿ’. ಆ ‘ಸ’ ಎಲ್ಲಿಂದ ಬಂತು? ತಮಿಳಿನಲ್ಲಿ ಇಲ್ಲದ್ದು ಪಾಳಿಗೆ ಹೋದದ್ದು ಹೇಗೆ?

ಇದಕ್ಕೆ ಉತ್ತರ ಸಿಗುವುದು ಎಲ್ಲಿ ಗೊತ್ತೇ? ಮಧ್ಯ ಭಾರತದ ಕಾಡುಗಳಲ್ಲಿ. ಗೊಂಡರ ನುಡಿಯಲ್ಲಿ!

ನಾವು ಆರು ಎನ್ನುತ್ತೇವೆ. ತಮಿಳರೂ ಆರು ಎನ್ನುತ್ತಾರೆ. ನಮ್ಮದೇ ದ್ರಾವಿಡ ಬಳಗದ ಗೊಂಡಿ ಭಾಷೆಯಲ್ಲಿ ಆರಕ್ಕೆ ‘ಸಾರುಂಗ್’. ‘ಸ’ ಇದೆ! ಬಹಳ ಹಿಂದೆ ಇಂಥ ಪದಗಳ ತಲೆಯಲ್ಲಿ ‘ಚ’ದಂಥ ಒಂದು ಸದ್ದು ಇತ್ತು. ದಕ್ಷಿಣದ ಭಾಷೆಗಳ ಎಷ್ಟೋ ಪದಗಳಲ್ಲಿ ಅದು ಸವೆದು ಸವೆದು ಇಲ್ಲವಾಯಿತು. ಭದ್ರಿರಾಜು ಕೃಷ್ಣಮೂರ್ತಿಯವರಂಥ ವಿದ್ವಾಂಸರು ಈ ಸವೆತದ ಜಾಡನ್ನು ಪದ ಪದ ಹಿಡಿದು ತೋರಿಸಿದ್ದಾರೆ. ಇಂಜಿಯೂ ಒಂದು ಕಾಲಕ್ಕೆ ‘ಚಿಂಗಿ’ಯಂತೆ ಇದ್ದಿರಬೇಕು. ಆ ಸದ್ದು ಸವೆಯುವ ಮೊದಲೇ ಪದ ಉತ್ತರಕ್ಕೆ ಹೋಗಿಬಿಟ್ಟಿತ್ತು!

ಏನಾಯಿತು ಯೋಚಿಸಿ! ತಮಿಳು ಕಳೆದುಕೊಂಡ ಸದ್ದನ್ನು ಪಾಳಿ ಜೋಪಾನ ಮಾಡಿತು. ಪಾಳಿಯಂಥ ನುಡಿಗಳಿಂದ ಗ್ರೀಕಿಗೆ ಹೋಯಿತು, ಅಲ್ಲಿಂದ ಲ್ಯಾಟಿನ್ನಿಗೆ, ಫ್ರೆಂಚಿಗೆ. ಇಂಗ್ಲಿಷ್ ಪದದ ಆ ಮೊದಲ ‘ಜ’ ಇದೆಯಲ್ಲ, ಅದು ಮಲಯಾಳವೂ ತಮಿಳೂ ಯಾವಾಗಲೋ ಮರೆತುಬಿಟ್ಟ ವ್ಯಂಜನದ ನೆನಪು! ಹುಟ್ಟಿದ ಮನೆಯಲ್ಲಿ ಕಳೆದುಹೋದದ್ದು ಲಂಡನ್ನಿನಲ್ಲಿ ಸಿಗುತ್ತಿದೆ!

ಇಷ್ಟೆಲ್ಲ ಬೇರು ಬೇರು ಎಂದೆವು. ಈಗ ಒಂದು ಪ್ರಶ್ನೆ. ಶುಂಠಿ ನಿಜಕ್ಕೂ ಬೇರೇ?

ಅಲ್ಲ!

ಸಸ್ಯಶಾಸ್ತ್ರಜ್ಞರನ್ನು ಕೇಳಿ. ಅದು ಕಾಂಡ! ಮಣ್ಣೊಳಗೆ ಅಡ್ಡಡ್ಡಲಾಗಿ ಹರಿಯುವ ಕಾಂಡ. ಅದರ ಮೇಲೆ ಗೆಣ್ಣುಗಳಿವೆ, ಕಣ್ಣುಗಳಿವೆ. ಕಣ್ಣಿನಿಂದ ಮೊಳಕೆ ಬರುತ್ತದೆ. ಹಾಸನ, ಶಿವಮೊಗ್ಗ, ಕೊಡಗಿನ ಶುಂಠಿ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರು ಹೂಳುವುದು ಬೀಜವನ್ನಲ್ಲ, ಕಣ್ಣಿರುವ ತುಂಡನ್ನು. ಈ ಗಿಡ ಬೀಜ ಕಟ್ಟುವುದೇ ಅಪರೂಪ. ಕಾಡಿನಲ್ಲಿ ತಾನಾಗಿ ಬೆಳೆದ ಶುಂಠಿ ಎಲ್ಲೂ ತಿಳಿದುಬಂದಿಲ್ಲ! ಮನುಷ್ಯ ಮುರಿದು ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂದರೆ ಸಾವಿರಾರು ವರ್ಷಗಳಿಂದ ಪ್ರತಿಯೊಂದು ಶುಂಠಿಯೂ ಯಾರೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದದ್ದು. ಹೆಸರು ಬಾಯಿಂದ ಬಾಯಿಗೆ, ಗಿಡ ಕೈಯಿಂದ ಕೈಗೆ!

ವಿಜ್ಞಾನಿಗಳು ಕಾಂಡ ಎಂದು ತೀರ್ಪು ಕೊಟ್ಟರಲ್ಲ, ಹಾಗಾದರೆ ಬೇರನ್ನು ಹೆಸರಿನಿಂದ ಕಿತ್ತುಹಾಕಿದರೇ? ಇಲ್ಲವೇ ಇಲ್ಲ! 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಗಳಿಗೆ ಎರಡು ಪದದ ಹೆಸರು ಕೊಡುತ್ತ ಬಂದಾಗ ಶುಂಠಿಗೂ ‘ಜಿಂಜಿಬರ್’ ಎಂಬುದನ್ನೇ ಸೇರಿಸಿದ. 1807ರಲ್ಲಿ ಲಿವರ್‌ಪೂಲಿನ ವಿಲಿಯಂ ರಾಸ್ಕೋ ಇಂದಿನ ಹೆಸರು ಕೊಟ್ಟ. ಜಿಂಜಿಬರ್ ಅಫಿಸಿನೇಲ್. ಜಗತ್ತಿನ ಯಾವ ಮೂಲೆಯ ಪ್ರಯೋಗಾಲಯದ ಚೀಟಿಯ ಮೇಲೂ ಇದೇ ಹೆಸರು. ಇಂಗ್ಲಿಷ್ ನುಂಗಿದ್ದ ‘ಬ’ ಇಲ್ಲಿ ಕೂದಲೂ ಕೊಂಕದೆ ಕೂತಿದೆ!

ಇನ್ನೂ ಇದೆ. ಶುಂಠಿಯ ನೆಂಟರನ್ನೆಲ್ಲ ಒಟ್ಟುಗೂಡಿಸಿ ಸಸ್ಯಶಾಸ್ತ್ರಜ್ಞರು ಒಂದು ಕುಟುಂಬ ಮಾಡಿದರು. ಸಾವಿರಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಕುಟುಂಬ. ಹೆಸರು ‘ಜಿಂಜಿಬರೇಸೀ’. ಅರಿಶಿನ ಆ ಕುಟುಂಬದ್ದು! ಏಲಕ್ಕಿ ಆ ಕುಟುಂಬದ್ದು! ಅರಿಶಿನದ ಕೊಂಬಿಗೂ ಏಲಕ್ಕಿಯ ಕಾಯಿಗೂ ಮನೆತನದ ಹೆಸರು ಬೇರು!

ಕುಟುಂಬದ ಮೇಲೆ ಗಣ ಇರುತ್ತದೆ, ಇನ್ನೂ ದೊಡ್ಡ ಬಳಗ. ಅದರ ಹೆಸರು ‘ಜಿಂಜಿಬರೇಲೀಸ್’. ಆ ಬಳಗದಲ್ಲಿ ಇನ್ನೂ ಯಾರಿದ್ದಾರೆ? ಕೊನೆಯ ಸಲ ಊಹಿಸಿ. ಸುಳಿವು ಬೇಕೇ? ಇದೇ ಬರಹದಲ್ಲಿ ಅದರ ಹೆಸರು ಆಗಲೇ ಬಂದುಹೋಗಿದೆ. ‘ವ’ ಬದಲಾಗಿ ‘ಬ’ ಆದ ಪದಗಳ ಸಾಲಿನಲ್ಲೇ ಇದೆ. ಅದರ ಎಲೆಯ ಮೇಲೆ ನೀವು ಊಟ ಮಾಡಿದ್ದೀರಿ.

ಬಾಳೆ!